ಶುಗರ್ ಇರುವವರ ಕಾಲಿನ ಗಾಯ ತಿಂಗಳಾದರೂ ಮಾಯುತ್ತಿಲ್ಲವೇ? ಮಾತ್ರೆ ಬದಲಾಯಿಸುವ ಮುಂಚೆ ಇದನ್ನು ಓದಿ

ಮಾತ್ರೆ ತಗೊಂಡಷ್ಟು ದಿನ ಕೀವು ಕಡಿಮೆಯಾಗುತ್ತದೆ. ಕೋರ್ಸ್ ಮುಗಿದ ಸ್ವಲ್ಪ ದಿನಕ್ಕೆ ಮತ್ತೆ ಅದೇ ವಾಸನೆ, ಅದೇ ಒದ್ದೆ ಬ್ಯಾಂಡೇಜ್. ಆಮೇಲೆ ಇನ್ನೊಬ್ಬ ಡಾಕ್ಟರು, ಇನ್ನೂ ಜಾಸ್ತಿ ಪವರ್ ಇರುವ ಮಾತ್ರೆ. ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಗಾಯ ಹೀಗೆ ಆರು ತಿಂಗಳು, ವರ್ಷ ಎಳೆಯುತ್ತದೆ. ಕೊನೆಗೆ ಬೆರಳು ಹೋಗುತ್ತದೆ, ಕೆಲವರಿಗೆ ಕಾಲೇ ಹೋಗುತ್ತದೆ.

ನಾನು ಡ್ರೆಸಿಂಗ್ ರೂಮಿನಲ್ಲಿ ಕೆಲಸ ಮಾಡುವವಳು. ಇಂಥ ಗಾಯಗಳನ್ನು ದಿನಾ ನೋಡುತ್ತೇನೆ. ಬರುವವರೆಲ್ಲ ಕೇಳುವುದು ಒಂದೇ: "ಸಿಸ್ಟರ್, ಒಳ್ಳೆ ಮಾತ್ರೆ ಯಾವುದಿದೆ ಹೇಳಿ." ನನ್ನ ಅನುಭವದಲ್ಲಿ ಹಳೇ ಗಾಯ ನಿಂತಲ್ಲೇ ನಿಲ್ಲುವುದು ಮಾತ್ರೆ ಸಾಲದ್ದಕ್ಕಲ್ಲ. ಗಾಯದಲ್ಲಿನ ಸತ್ತ ಮಾಂಸವನ್ನು ಡಾಕ್ಟರ ಹತ್ತಿರ ಸರಿಯಾಗಿ ಕೆರೆಸಿ ತೆಗೆಸದೆ, ಪಾದದ ಮೇಲಿನ ಭಾರ ಇಳಿಸದೆ ಇರುವುದಕ್ಕೆ. ಅದು ಯಾಕೆ, ಯಾವ ಕ್ರಮದಲ್ಲಿ ಏನು ಮಾಡಬೇಕು ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಇದು ಡಾಕ್ಟರ ಬದಲಿಗೆ ಅಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ನೋಡಿಕೊಳ್ಳಬೇಕು ಅನ್ನುವುದಕ್ಕೆ.

ಗಾಯದ ಒಳಗೆ ನಡೆಯುತ್ತಿರುವುದೇನು

ಹೊಸ ಗಾಯಕ್ಕೆ ಬರುವ ಬ್ಯಾಕ್ಟೀರಿಯಾಗಳು ಒಂದೊಂದಾಗಿ ತೇಲಾಡಿಕೊಂಡಿರುತ್ತವೆ. ಅವುಗಳನ್ನು ನಮ್ಮ ರಕ್ತದ ಬಿಳಿಕಣಗಳು ತಿಂದುಹಾಕುತ್ತವೆ, ಆಂಟಿಬಯಾಟಿಕ್ ಕೊಲ್ಲುತ್ತದೆ. ಗಾಯ ಹಳತಾದರೆ ಕಥೆ ಬೇರೆ. ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಅಂಟಿಕೊಂಡು ಗುಂಪು ಕಟ್ಟುತ್ತವೆ. ಸುತ್ತ ಜಿಗುಟಾದ ಒಂದು ಪದಾರ್ಥ ಬಿಡುತ್ತವೆ. ಅದರಲ್ಲಿ ಸಕ್ಕರೆಯ ಎಳೆಗಳು, ಪ್ರೋಟೀನು, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಎಲ್ಲ ಸೇರಿರುತ್ತವೆ. ಈ ಅಂಟಿನೊಳಗೆ ಕೂತ ಗುಂಪಿಗೆ ಬಯೋಫಿಲ್ಮ್ ಅನ್ನುತ್ತಾರೆ. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ಸಿಗುವ ಆ ಅಂಟು ಕೂಡ ಬಯೋಫಿಲ್ಮೇ.

ಮಳೆಗಾಲದಲ್ಲಿ ಮಲೆನಾಡಿನ ಅಂಗಳದ ಕಲ್ಲಿನ ಮೇಲೆ ಪಾಚಿ ಕೂರುತ್ತದಲ್ಲ, ಅದರ ಮೇಲೆ ಎಷ್ಟು ನೀರು ಹುಯ್ದರೂ ಹೋಗುವುದಿಲ್ಲ. ಪೊರಕೆ ಹಿಡಿದು ಗಸಗಸ ತಿಕ್ಕಬೇಕು. ಗಾಯದ ಬಯೋಫಿಲ್ಮಿನ ಸ್ವಭಾವವೂ ಅದೇ. ಒಳಗಿನ ಬ್ಯಾಕ್ಟೀರಿಯಾಗಳು ಆಂಟಿಬಯಾಟಿಕ್ಕನ್ನು ತಡೆದುಕೊಳ್ಳುವ ಶಕ್ತಿ ತೇಲಾಡುವ ಬ್ಯಾಕ್ಟೀರಿಯಾಗಳಿಗಿಂತ ನೂರು ಪಟ್ಟು, ಕೆಲವು ಸಲ ಸಾವಿರ ಪಟ್ಟು ಜಾಸ್ತಿ. ಅಂಟು ಅಡ್ಡ ಬರುವುದು ಒಂದು ಕಾರಣ. ಆಳದಲ್ಲಿರುವ ಬ್ಯಾಕ್ಟೀರಿಯಾಗಳು ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಮಲಗಿಬಿಡುವುದು ಇನ್ನೊಂದು ಕಾರಣ. ಹೆಚ್ಚಿನ ಆಂಟಿಬಯಾಟಿಕ್‌ಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವಂತೆ ಮಲಗಿದ್ದನ್ನು ಕೊಲ್ಲಲಾರವು. ಮೇಲೆ ತೇಲುತ್ತಿದ್ದವು ಸಾಯುತ್ತವೆ, ಕೀವು ಕಡಿಮೆಯಾಗುತ್ತದೆ. ಮಾತ್ರೆ ನಿಂತ ಮೇಲೆ ಒಳಗಿನವು ಎದ್ದು ಮತ್ತೆ ಶುರು ಮಾಡುತ್ತವೆ.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೇ ಗಾಯಗಳ ಮಾದರಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. 50ರಲ್ಲಿ 30ಕ್ಕೆ ಬಯೋಫಿಲ್ಮ್ ಇತ್ತು. ಹೊಸ ಗಾಯಗಳ ಮಾದರಿ 16 ಇದ್ದವು, ಅದರಲ್ಲಿ ಒಂದಕ್ಕೆ ಮಾತ್ರ ಇತ್ತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಹಳೇ ಗಾಯಗಳಲ್ಲಿ ಇದರ ಪ್ರಮಾಣ ಶೇಕಡ 78ರ ಹತ್ತಿರ ಬಂತು.

ಕಣ್ಣಿಗೆ ಕಾಣುವ ಹಳದಿ ಪೊರೆಯನ್ನೇ ಕೆಲವರು ಬಯೋಫಿಲ್ಮ್ ಅಂದುಕೊಳ್ಳುತ್ತಾರೆ. ಅದು ಸತ್ತ ಜೀವಕೋಶ ಮತ್ತು ಒಸರಿದ ರಸ ಸೇರಿ ಆದದ್ದು. ಬಯೋಫಿಲ್ಮ್ ಅದರೊಳಗೂ ಇರಬಹುದು, ಕೆಂಪಗೆ ಚೆನ್ನಾಗಿ ಕಾಣುವ ಗಾಯದಲ್ಲೂ ಇರಬಹುದು. ಗುಂಪುಗಳು ಅಷ್ಟು ಚಿಕ್ಕವು. ನಮ್ಮ ಊರಿನ ಲ್ಯಾಬಿನಲ್ಲಿ ಕೊಡುವ ಮಾಮೂಲಿ ಕಲ್ಚರ್ ರಿಪೋರ್ಟು (ಗಾಯದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆ) ಬಯೋಫಿಲ್ಮ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಆದ್ದರಿಂದ ಗಾಯದ ನಡವಳಿಕೆ ನೋಡಿ ಅಂದಾಜು ಮಾಡಬೇಕು. ಹಳದಿ ಪೊರೆ ತೆಗೆದ ಒಂದೆರಡು ದಿನಕ್ಕೆ ಮತ್ತೆ ಬರುವುದು, ಮಾತ್ರೆಗೆ ಬಗ್ಗಿದ ಹಾಗೆ ಮಾಡಿ ಮರಳುವುದು, ಮುಟ್ಟಿದರೆ ಸಾಕು ರಕ್ತ ಬರುವ ಮೆತ್ತನೆ ಮಾಂಸ, ಯಾವಾಗಲೂ ಒದ್ದೆ. ಇಂಥ ಗಾಯದಲ್ಲಿ ಬಯೋಫಿಲ್ಮ್ ಇದೆ ಅಂತಲೇ ಇಟ್ಟುಕೊಂಡು ಮುಂದುವರಿಯುವುದು ಒಳ್ಳೆಯದು.

ಮೊದಲ ಕೆಲಸ: ಇವತ್ತೇ ಆಸ್ಪತ್ರೆಗೆ ಹೋಗಬೇಕಾದ ಗಾಯವೇ ನೋಡಿ

ಉಳಿದದ್ದೆಲ್ಲ ಆಮೇಲೆ. ಗಾಯದ ಸುತ್ತ ಕೆಂಪು ಎರಡು ಸೆಂಟಿಮೀಟರು ಅಥವಾ ಅದಕ್ಕಿಂತ ಜಾಸ್ತಿ ಹರಡಿದೆಯಾ? ಪೆನ್ನಿನಲ್ಲಿ ಗೆರೆ ಎಳೆದರೆ ಸಂಜೆಗೆ ಗೆರೆ ದಾಟಿದೆಯಾ? ಬೆರಳು ಕಪ್ಪಾಗಿದೆಯಾ? ಪಾದ ಊದಿ, ಒತ್ತಿದರೆ ಕರಕರ ಅನ್ನುತ್ತಿದೆಯಾ? ಕೊಳೆತ ವಾಸನೆ ಇದೆಯಾ? ಚಳಿಜ್ವರ ಇದೆಯಾ? ಸುಮ್ನೆ ಮಂಕಾಗಿ ಕೂತಿದ್ದಾರಾ? ಇದರಲ್ಲಿ ಒಂದಿದ್ದರೂ ಸೋಮವಾರದವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ.

ಒಂದು ಮಾತು ನೆನಪಿಡಿ. ಶುಗರ್ ಇರುವವರಿಗೆ ಒಳಗೆ ಕೀವು ತುಂಬಿದ್ದರೂ ಜ್ವರ ಬರದೇ ಇರಬಹುದು, ನೋವೂ ಇರದೇ ಇರಬಹುದು. ಊಟ, ಮಾತ್ರೆ ಎಲ್ಲ ಮೊದಲಿನ ಹಾಗೇ ಇದ್ದು ಶುಗರ್ ಮಾತ್ರ ಇದ್ದಕ್ಕಿದ್ದಂತೆ ಏರಿದರೆ, ಅದೇ ಸೋಂಕಿನ ಮೊದಲ ಸುಳಿವು ಇರಬಹುದು.

"ನೋವೇ ಇಲ್ಲವಲ್ಲ ಸಿಸ್ಟರ್, ತಾನಾಗೇ ಮಾಯುತ್ತೆ ಬಿಡಿ" ಅನ್ನುವ ಯಜಮಾನರನ್ನು ನೋಡಿದಾಗ ನನಗೆ ಜಾಸ್ತಿ ಭಯವಾಗುತ್ತದೆ. ನೋವಿಲ್ಲ ಅಂದರೆ ಪಾದದ ನರ ಸತ್ತಿದೆ. ಮನೆಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಅವರು ಕಣ್ಣು ಮುಚ್ಚಿಕೊಂಡು ಕೂರಲಿ. ನೀವು ತೋರುಬೆರಳಿನ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಆರರಲ್ಲಿ ಎರಡು ಕಡೆ ಗೊತ್ತಾಗಲಿಲ್ಲ ಅಂದರೆ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿದೆ ಅಂತ ಲೆಕ್ಕ.

ಗಾಯ ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದರೆ ಡಾಕ್ಟರಿಗೆ ತುಂಬಾ ಉಪಯೋಗ. ವಾರಕ್ಕೊಂದು ಸಲ, ಒಂದೇ ದಿನ, ಗಾಯದ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಉದ್ದ, ಅಗಲ ಬರೆದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ. 4 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ ಇದ್ದರೆ 12. ಸರಿಯಾದ ಚಿಕಿತ್ಸೆ ನಡೆಯುತ್ತಿದ್ದರೆ ನಾಲ್ಕು ವಾರದಲ್ಲಿ ಅದು 6 ಅಥವಾ ಅದಕ್ಕಿಂತ ಕಡಿಮೆ ಆಗಬೇಕು. ಅರ್ಧಕ್ಕೆ ಇಳಿಯದಿದ್ದರೆ ಅದೇ ಚಿಕಿತ್ಸೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಎಲ್ಲವನ್ನೂ ಮೊದಲಿಂದ ನೋಡಿಸಬೇಕು.

ಕೆರೆಯುವ ಮುಂಚೆ ರಕ್ತದ ಓಡಾಟ ನೋಡಿಸಿ

ಗಾಯ ಮಾಯಲು ರಕ್ತ ಬರಬೇಕು. ರಕ್ತವೇ ಬಾರದ ಕಾಲನ್ನು ಕೆರೆದರೆ ಗಾಯ ದೊಡ್ಡದಾಗುತ್ತದೆ. ಅದಕ್ಕೇ ಡಾಕ್ಟರು ಪಾದದ ಮೇಲೆ ಮತ್ತು ಒಳಬದಿಯ ಕಾಲುಗಿಣ್ಣಿನ ಹಿಂದೆ ಬೆರಳಿಟ್ಟು ನಾಡಿ ನೋಡುತ್ತಾರೆ. ಸಂಶಯವಿದ್ದರೆ ಡಾಪ್ಲರ್ (ರಕ್ತದ ಓಡಾಟ ನೋಡುವ ಸ್ಕ್ಯಾನ್) ಮಾಡಿಸುತ್ತಾರೆ, ಕೈ ಮತ್ತು ಕಾಲಿನ ಬಿಪಿ ಹೋಲಿಸುತ್ತಾರೆ. ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಶುಗರ್ ಹಳೆಯದಾದವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಈ ಅಂಕಿ ಸುಳ್ಳೇ ಚೆನ್ನಾಗಿ ಬರಬಹುದು. ಆಗ ಹೆಬ್ಬೆರಳಿನ ಬಿಪಿ ನೋಡಬೇಕಾಗುತ್ತದೆ. ಬ್ಲಾಕ್ ಇದ್ದರೆ ರಕ್ತನಾಳದ ಸರ್ಜನ್ನರಿಗೆ ತೋರಿಸಲೇಬೇಕು. ಬೆಂಗಳೂರಿಗೆ ಹೋಗಬೇಕಾಗಿ ಬಂದರೂ ಹೋಗಿ. ಒಣಗಿ ಕಪ್ಪಾದ ಬೆರಳನ್ನು ಮನೆಯಲ್ಲಿ ಕೀಳುವುದು, ನೆನೆಸುವುದು ಮಾಡಬೇಡಿ.

ಗಾಯ ಆಳವಾಗಿದ್ದರೆ ಡಾಕ್ಟರು ಒಂದು ಸ್ಟೀಲ್ ಕಡ್ಡಿಯನ್ನು ನಿಧಾನಕ್ಕೆ ಒಳಗಿಟ್ಟು ನೋಡುತ್ತಾರೆ. ಗಟ್ಟಿಯಾಗಿ ಟಕ್ ಅಂದರೆ ಮೂಳೆ. ಮೂಳೆಗೆ ಸೋಂಕು ತಗುಲಿರುವ ಸಂಭವ ಜಾಸ್ತಿ. ಆಗ ಎಕ್ಸ್‌ರೇ, ಬೇಕಿದ್ದರೆ ಎಂಆರ್‌ಐ. ಇದನ್ನು ನೀವು ಪಿನ್ನು, ಕಡ್ಡಿ ಹಿಡಿದು ಮನೆಯಲ್ಲಿ ಮಾಡಿ ನೋಡಬೇಡಿ.

ಕೆರೆಯುವುದು: ಚಿಕಿತ್ಸೆಯ ಹೃದಯ ಇದು

ಡಾಕ್ಟರು ಇದನ್ನು ಡಿಬ್ರೈಡ್‌ಮೆಂಟ್ ಅನ್ನುತ್ತಾರೆ. ಬ್ಲೇಡು, ಕತ್ತರಿ, ಚಮಚದಂಥ ಕ್ಯೂರೆಟ್ ಹಿಡಿದು ಸತ್ತ ಮಾಂಸ, ಹಳದಿ ಪೊರೆ, ಸುತ್ತಲಿನ ಆಣಿ ತೆಗೆಯುವುದು. ಬಯೋಫಿಲ್ಮನ್ನು ಒಡೆದು ಕಿತ್ತುಹಾಕಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ.

ಅಂಗಾಲಿನ ಗಾಯ ಹೇಗಿರುತ್ತದೆ ಅಂದರೆ, ನಡುವೆ ಕಡಲೆಕಾಳಿನಷ್ಟು ತೂತು, ಸುತ್ತ ಬೆಳ್ಳಗೆ ಗಟ್ಟಿಯಾದ ಚರ್ಮದ ದಂಡೆ. ಮನೆಯವರು ಆ ತೂತನ್ನು ನೋಡಿ ಗಾಯ ಚಿಕ್ಕದು ಅಂದುಕೊಂಡಿರುತ್ತಾರೆ. ಬ್ಲೇಡನ್ನು ಓರೆಯಾಗಿ ಹಿಡಿದು ಆ ದಂಡೆಯನ್ನು ಪದರ ಪದರವಾಗಿ ಎತ್ತುತ್ತಾ ಹೋದ ಹಾಗೆ ಕೆಳಗೆ ಪೊಳ್ಳು ಸಿಗುತ್ತದೆ. ಅದರೊಳಗೆ ಬೂದು ಬಣ್ಣದ ರಸ ನಿಂತಿರುತ್ತದೆ. ಎಲ್ಲ ತೆಗೆದ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಗಾಯ ಕಾಣುತ್ತದೆ. "ಅಯ್ಯೋ, ಗಾಯ ದೊಡ್ಡದು ಮಾಡಿಬಿಟ್ರಲ್ಲಾ" ಅಂತ ಅಮ್ಮಂದಿರು ಕಣ್ಣೀರು ಹಾಕಿಕೊಳ್ಳುತ್ತಾರೆ. ಗಾಯ ಮೊದಲೇ ಅಷ್ಟಿತ್ತು. ಮುಚ್ಚಿಕೊಂಡಿತ್ತು ಅಷ್ಟೇ. ದಂಡೆಯಲ್ಲಿ ಸಣ್ಣ ರಕ್ತದ ಹನಿಗಳು ಮೂಡಿದರೆ ನಮಗೆ ಸಮಾಧಾನ. ಜೀವವಿರುವ ಮಾಂಸದವರೆಗೆ ಬಂದಿದ್ದೇವೆ ಅಂತ. ಹೊಸ ಚರ್ಮ ಹುಟ್ಟುವುದು ಆ ದಂಡೆಯಿಂದಲೇ. ಅಲ್ಲಿ ಬಯೋಫಿಲ್ಮ್ ಉಳಿದರೆ ಚರ್ಮ ಮುಂದೆ ಸರಿಯುವುದಿಲ್ಲ.

ಒಂದು ಸಲ ಕೆರೆದರೆ ಮುಗಿಯಲಿಲ್ಲ. ಕೆರೆದ ಗಾಯದಲ್ಲಿ ಬಯೋಫಿಲ್ಮ್ ಒಂದೆರಡು ದಿನಕ್ಕೆ ಮತ್ತೆ ಕಟ್ಟಲು ಶುರು ಮಾಡುತ್ತದೆ. ಮೂರು ದಿನದ ಹೊತ್ತಿಗೆ ಮೊದಲಿನಷ್ಟೇ ಗಟ್ಟಿಯಾಗಬಹುದು. ಅದಕ್ಕೇ ಶುರುವಿನ ವಾರಗಳಲ್ಲಿ ವಾರಕ್ಕೊಮ್ಮೆಯಾದರೂ, ಬೇಕಿದ್ದರೆ ಇನ್ನೂ ಬೇಗ ಬೇಗ ಕೆರೆಯಬೇಕಾಗುತ್ತದೆ. ಎಷ್ಟು ಸಲ ಅನ್ನುವುದು ಗಾಯ ನೋಡಿ ತೀರ್ಮಾನ. ಮೂಡಿಗೆರೆ, ಸಕಲೇಶಪುರದ ಒಳಗಿನ ಹಳ್ಳಿಗಳಿಂದ ಪ್ರತಿ ವಾರ ಬಸ್ಸು ಹತ್ತಿ ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಅದರಲ್ಲೂ ಕಾಫಿ ಕುಯ್ಲಿನ ಸಮಯದಲ್ಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದರೆ ಅಲ್ಲೇ ಮಾಡಿಸಿ. ತಪ್ಪಿಸಿದ ಒಂದೊಂದು ವಾರಕ್ಕೂ ಬಯೋಫಿಲ್ಮ್ ಮತ್ತೆ ಬೇರೂರುತ್ತದೆ.

ರಕ್ತ ತೆಳು ಮಾಡುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಮನೆಯಲ್ಲಿ ಶೇವಿಂಗ್ ಬ್ಲೇಡು ಹಿಡಿದು ಆಣಿ ಹೆರೆಯುವುದು, ಆಣಿ ಕರಗಿಸುವ ಪಟ್ಟಿ ಅಂಟಿಸುವುದು ಬೇಡ.

ಕೆರೆದ ಮೇಲೆ ಯಾವ ಡ್ರೆಸಿಂಗ್?

ಗಾಯ ತೆರೆದುಕೊಂಡಿರುವ ಆ ಎರಡು ಮೂರು ದಿನಗಳಲ್ಲೇ ಬ್ಯಾಕ್ಟೀರಿಯಾ ತಡೆಯುವ ಡ್ರೆಸಿಂಗಿಗೆ ಹೆಚ್ಚು ಕೆಲಸ. ಕ್ಯಾಡೆಕ್ಸೊಮರ್ ಅಯೋಡಿನ್, ಸಿಲ್ವರ್, ಪಿಎಚ್‌ಎಂಬಿ ದ್ರಾವಣ, ಚಿಕಿತ್ಸೆಗೆಂದೇ ಶುದ್ಧೀಕರಿಸಿದ ಜೇನು, ಹೀಗೆ ಹಲವು ಇವೆ. 2020ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಒಂದು ಗುಂಪು ಹಳೇ ಗಾಯಕ್ಕೆ ನಾಲ್ಕು ಹೆಜ್ಜೆಗಳ ಕ್ರಮ ಹೇಳಿತು: ಗಾಯ ಮತ್ತು ಸುತ್ತಲ ಚರ್ಮ ತೊಳೆಯುವುದು, ಸತ್ತದ್ದನ್ನು ಕೆರೆಯುವುದು, ದಂಡೆಯನ್ನು ಸರಿಮಾಡುವುದು, ಆಮೇಲೆ ಡ್ರೆಸಿಂಗ್. ಡ್ರೆಸಿಂಗಿನ ಸರದಿ ಕೊನೆಗೆ ಬರುವುದನ್ನು ಗಮನಿಸಿ.

ದುಬಾರಿ ಡ್ರೆಸಿಂಗ್ ಬಗ್ಗೆ ನೇರವಾಗಿ ಹೇಳುತ್ತೇನೆ. ಸಿಲ್ವರ್, ಅಯೋಡಿನ್, ಜೇನು ಹಚ್ಚಿದ್ದರಿಂದಲೇ ಶುಗರ್ ಗಾಯ ಬೇಗ ಮಾಯುತ್ತದೆ ಅನ್ನುವುದಕ್ಕೆ ಬಲವಾದ ಪುರಾವೆ ಇಲ್ಲ. ಪಾದದ ಗಾಯದ ಅಂತಾರಾಷ್ಟ್ರೀಯ ಮಾರ್ಗಸೂಚಿ ಮಾಯಿಸುವ ಉದ್ದೇಶಕ್ಕೆ ಇವನ್ನು ಮಾಮೂಲಿಯಾಗಿ ಬಳಸಬೇಡಿ ಅನ್ನುತ್ತದೆ. ಕೆರೆದ ಗಾಯಕ್ಕೆ ಎರಡು ವಾರ ಹಾಕಿ, ಫರಕು ಕಂಡರೆ ಮುಂದುವರಿಸುವುದು, ಇಲ್ಲದಿದ್ದರೆ ಬಿಡುವುದು ಹಲವು ತಜ್ಞರ ಪದ್ಧತಿ. ಕೆರೆಯದ ಗಾಯದ ಮೇಲೆ ಸಾವಿರಾರು ರೂಪಾಯಿಯ ಸಿಲ್ವರ್ ಇಟ್ಟರೆ ದುಡ್ಡು ದಂಡ. ಥೈರಾಯ್ಡ್ ಅಥವಾ ಕಿಡ್ನಿ ತೊಂದರೆ ಇದ್ದವರು ಅಯೋಡಿನ್ ಡ್ರೆಸಿಂಗ್ ಹಾಕಿಸುವ ಮುಂಚೆ ಡಾಕ್ಟರಿಗೆ ತಿಳಿಸಬೇಕು.

ಹೈಡ್ರೋಜನ್ ಪೆರಾಕ್ಸೈಡ್ ಬುರುಬುರು ಅಂತ ನೊರೆ ಬರುವುದನ್ನು ನೋಡಿ ಗಾಯ ಕ್ಲೀನ್ ಆಗುತ್ತಿದೆ ಅಂದುಕೊಳ್ಳಬೇಡಿ. ದಿನಾ ಹಾಕಿದರೆ ಹೊಸ ಮಾಂಸವನ್ನೂ ಸುಡುತ್ತದೆ. ಇನ್ನು ನಮ್ಮ ಕಡೆಯ ಔಷಧಿಗಳು: ಕಾಫಿಪುಡಿ, ಅರಿಶಿನ, ಸುಣ್ಣ, ಸೊಪ್ಪಿನ ರಸ. ತೋಟದಲ್ಲಿ ಕತ್ತಿ ತಾಗಿದಾಗ ಕಾಫಿಪುಡಿ ಒತ್ತಿ ರಕ್ತ ನಿಲ್ಲಿಸಿದವರು ಬಹಳ ಜನ. ಆದರೆ ಶುಗರ್ ಗಾಯಕ್ಕೆ ಇದನ್ನು ತುಂಬಬೇಡಿ. ಪುಡಿಯ ಕಣಗಳು ಒಳಗೆ ಸಿಕ್ಕಿಕೊಂಡು ಬ್ಯಾಕ್ಟೀರಿಯಾಗೆ ಕೂರಲು ಜಾಗ ಮಾಡಿಕೊಡುತ್ತವೆ. ನಾವು ಅದನ್ನು ತೆಗೆಯಲು ಇನ್ನಷ್ಟು ಆಳಕ್ಕೆ ಕೆರೆಯಬೇಕಾಗುತ್ತದೆ. ಪುಡಿ ಹಾಕಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಯಾರೂ ಬೈಯುವುದಿಲ್ಲ.

ಮನೆಯಲ್ಲಿ ಡ್ರೆಸಿಂಗ್ ಬದಲಾಯಿಸುವುದು

ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರು ಹೇಳಿರುತ್ತಾರೆ. ಬ್ಯಾಂಡೇಜ್ ಹೊರಗೆ ನೆನೆದು ಬಂದರೆ ಆ ದಿನ ಕಾಯದೆ ಬದಲಾಯಿಸಿ.

ಮೊದಲು ಬೇಕಾದ್ದನ್ನೆಲ್ಲ ಒಂದು ತೊಳೆದ ತಟ್ಟೆಯಲ್ಲಿ ಜೋಡಿಸಿಕೊಳ್ಳಿ: ಸ್ಟೆರೈಲ್ ಗಾಜ್ ಬಟ್ಟೆ, ಸಲೈನ್, ರೋಲ್ ಬ್ಯಾಂಡೇಜ್, ಟೇಪು, ಗ್ಲೌಸು, ಕಸಕ್ಕೆ ಒಂದು ಕವರ್. ಸಲೈನ್ ಅಂದರೆ ಮೆಡಿಕಲ್ ಶಾಪಿನಲ್ಲಿ ಸಿಗುವ 0.9 ಪರ್ಸೆಂಟಿನ ಬಾಟಲಿ. ಚಿಕ್ಕ ಬಾಟಲಿ ತನ್ನಿ. ಒಮ್ಮೆ ತೆರೆದ ಬಾಟಲಿಯನ್ನು ಮಾರನೇ ದಿನ ಬಳಸಬೇಡಿ. ಸಿಗದಿದ್ದರೆ ಕುದಿಸಿ ಆರಿಸಿದ ನೀರು ನಡೆಯುತ್ತದೆ. ಕೈಗೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಬಳೆ ಉಂಗುರ ತೆಗೆದಿಟ್ಟು.

ಹಳೇ ಗಾಜ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಹಾಕಿ ಐದು ನಿಮಿಷ ಬಿಡಿ, ತಾನಾಗಿ ಬಿಡುತ್ತದೆ. ತೆಗೆದ ಗಾಜ್ ಬಟ್ಟೆಯನ್ನು ಒಮ್ಮೆ ನೋಡಿ. ಬಣ್ಣ ಏನು, ಎಷ್ಟು ಒದ್ದೆ, ವಾಸನೆ ಹೇಗಿದೆ. ಹಸಿರು ಬಣ್ಣ ಹತ್ತಿದ್ದರೆ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಡಾಕ್ಟರಿಗೆ ತಿಳಿಸಿ. ಆಮೇಲೆ ಗ್ಲೌಸ್ ಬದಲಾಯಿಸಿ. ಗಾಯದ ಮೇಲೆ ಸಲೈನ್ ಧಾರಾಳವಾಗಿ ಹುಯ್ದು, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಸುತ್ತಲ ಚರ್ಮ, ಬೆರಳ ಸಂದು ಬಿಡಬೇಡಿ. ಅಲ್ಲಿನ ಬ್ಯಾಕ್ಟೀರಿಯಾಗಳೇ ಮತ್ತೆ ಗಾಯಕ್ಕೆ ಇಳಿಯುವುದು. ಒಣ ಗಾಜ್ ಬಟ್ಟೆಯಿಂದ ಸುತ್ತಲ ಚರ್ಮದ ತೇವ ಒತ್ತಿ ತೆಗೆಯಿರಿ. ಹೇಳಿದ ಡ್ರೆಸಿಂಗ್ ಇಟ್ಟು ರೋಲ್ ಸುತ್ತಿ. ಬೆರಳ ತುದಿ ಕಾಣುವ ಹಾಗೆ ಇರಲಿ, ಬಣ್ಣ ನೋಡಲು ಬೇಕು. ಬಿಗಿ ಬೇಡ.

ಕಾಲನ್ನು ಬಿಸಿ ಉಪ್ಪುನೀರಿನಲ್ಲಿ ಮುಳುಗಿಸಿ ಕೂರುವ ಅಭ್ಯಾಸ ಬಿಟ್ಟುಬಿಡಿ. ಹಂಡೆಯ ನೀರು ಎಷ್ಟು ಬಿಸಿ ಅಂತ ನರ ಸತ್ತ ಪಾದಕ್ಕೆ ಗೊತ್ತಾಗುವುದಿಲ್ಲ. ಬೊಬ್ಬೆ ಬಂದ ಮೇಲೇ ಗೊತ್ತಾಗುವುದು. ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವವರಿಗೂ ಇದೇ ಮಾತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬಟ್ಟೆ ಒಣಗುವುದೇ ಇಲ್ಲ. ಒಗೆದ ಬ್ಯಾಂಡೇಜನ್ನು ಒಲೆ ಮೇಲಿನ ಹಗ್ಗಕ್ಕೆ ಹಾಕಿ ಹಸಿಹಸಿ ಸುತ್ತುವವರಿದ್ದಾರೆ. ದಯವಿಟ್ಟು ಬೇಡ. ಗಾಯಕ್ಕೆ ತಾಗುವ ಗಾಜ್ ಪ್ರತಿ ಸಲ ಹೊಸದಿರಲಿ.

ಭಾರ ಇಳಿಸದೆ ಏನು ಮಾಡಿದರೂ ವ್ಯರ್ಥ

ಅಂಗಾಲಿನ ಗಾಯ ಇರುವವರು ಒಂದೊಂದು ಹೆಜ್ಜೆ ಇಟ್ಟಾಗಲೂ ಮೈಭಾರವೆಲ್ಲ ಗಾಯದ ಮೇಲೆ ಬೀಳುತ್ತದೆ. ಹೊಸದಾಗಿ ಹುಟ್ಟಿದ ಮಾಂಸ ಜಜ್ಜಿಹೋಗುತ್ತದೆ. ಜಜ್ಜಿದ ಮಾಂಸದ ಮೇಲೆ ಬಯೋಫಿಲ್ಮ್ ಸುಲಭವಾಗಿ ಕೂರುತ್ತದೆ. ನೋವು ಗೊತ್ತಾಗದ ಕಾರಣ ಅವರು ಕುಂಟುವುದೂ ಇಲ್ಲ.

ನರದ ತೊಂದರೆಯಿಂದ ಅಂಗಾಲಿಗೆ ಆದ ಗಾಯಕ್ಕೆ ಮೊಣಕಾಲಿನವರೆಗಿನ, ಬಿಚ್ಚಲು ಬಾರದ ಪ್ಲಾಸ್ಟರ್ ಅಥವಾ ಬೂಟು ಮೊದಲ ಆಯ್ಕೆ. ಬಿಚ್ಚಲು ಬಾರದಿರುವುದೇ ಮುಖ್ಯ. ಬಿಚ್ಚುವ ಬೂಟು ಕೊಟ್ಟವರ ಮೇಲೆ ಅಮೆರಿಕದಲ್ಲಿ 2003ರಲ್ಲಿ ಒಂದು ಅಧ್ಯಯನ ನಡೆಯಿತು. ದಿನದ ಓಡಾಟದಲ್ಲಿ ಶೇಕಡ 28ರಷ್ಟಕ್ಕೆ ಮಾತ್ರ ಅವರು ಅದನ್ನು ಹಾಕಿಕೊಂಡಿದ್ದರು. ನಮ್ಮಲ್ಲೂ ಹೀಗೇ. ಆಸ್ಪತ್ರೆಗೆ ಬರುವಾಗ ಹಾಕಿಕೊಂಡು ಬರುತ್ತಾರೆ, ಮನೆಯ ಹೊಸ್ತಿಲಲ್ಲಿ ಬಿಚ್ಚುತ್ತಾರೆ. ಗಾಯ ಹಾಳಾಗುವುದು ಮನೆಯೊಳಗಿನ ಓಡಾಟದಲ್ಲೇ. ದೇವರ ಮನೆ, ಅಡುಗೆ ಮನೆಗೆಂದೇ ಬೇರೆ ಶುಭ್ರ ಚಪ್ಪಲಿ ಇಟ್ಟುಕೊಳ್ಳಿ ಅಂತ ಹಿರಿಯರಿಗೆ ನಾನು ಹೇಳುವುದುಂಟು. ಅಷ್ಟಾದರೆ ಒಪ್ಪುತ್ತಾರೆ.

ರಕ್ತದ ಓಡಾಟ ತೀರಾ ಕಡಿಮೆ ಇದ್ದರೆ, ಸೋಂಕು ಜೋರಾಗಿದ್ದರೆ ಬಿಚ್ಚಲು ಬಾರದ ಪ್ಲಾಸ್ಟರ್ ಹಾಕುವುದಿಲ್ಲ. ಆಗ ಬಿಚ್ಚುವ ಬೂಟು, ಇಲ್ಲವೇ ಫೆಲ್ಟು, ಫೋಮು ಕತ್ತರಿಸಿ ಗಾಯದ ಸುತ್ತ ಅಂಟಿಸುವ ಉಪಾಯ. ಪ್ಲಾಸ್ಟರ್ ಹಾಕಿದ ಕಾಲು ಎತ್ತರವಾಗುವುದರಿಂದ ಇನ್ನೊಂದು ಕಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿ. ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ. ನೆನೆದ ಪ್ಲಾಸ್ಟರನ್ನು ಒಣಗುತ್ತದೆ ಅಂತ ಬಿಡಬೇಡಿ, ಅದೇ ದಿನ ತೋರಿಸಿ.

ಕೂರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಕೂತರೆ ಹೊರಬದಿಯ ಕಾಲುಗಿಣ್ಣಿನ ಮೂಳೆಯ ಮೇಲೆ ಒತ್ತಿ ಗಾಯವಾಗುತ್ತದೆ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯದಲ್ಲಿ ಪಾದದ ಮುಂಭಾಗಕ್ಕೆ ಭಾರ ಜಾಸ್ತಿ. ಕಮೋಡ್ ಸ್ಟೂಲ್ ಒಂದು ತಂದಿಟ್ಟರೆ ಎಷ್ಟೋ ಅನುಕೂಲ. ಕೂಲಿ ಬಿಟ್ಟು ಕೂರಲು ಆಗದವರ ಸಂಕಟ ನನಗೆ ಅರ್ಥವಾಗುತ್ತದೆ. ತೋಟದ ಮಾಲೀಕರ ಹತ್ತಿರ ಕೂತು ಮಾಡುವ ಕೆಲಸ ಕೇಳಿ, ಕಾಫಿ ಬೀಜ ಆರಿಸುವಂಥದ್ದು. ಇಳಿಜಾರಿನ ತೋಟದಲ್ಲಿ ಗಂಬೂಟು ಹಾಕಿ ದಿನವಿಡೀ ಓಡಾಡಿದರೆ ಗಾಯ ಬೆವರಿನಲ್ಲೇ ನೆನೆಯುತ್ತದೆ.

ಹಾಗಾದರೆ ಆಂಟಿಬಯಾಟಿಕ್ ಯಾವಾಗ?

ಸೋಂಕು ಇದ್ದಾಗ ಬೇಕೇ ಬೇಕು. ಕೆಂಪು, ಬಿಸಿ, ಊತ, ನೋವು, ಕೀವು, ಈ ಐದರಲ್ಲಿ ಎರಡಾದರೂ ಇದ್ದರೆ ಸೋಂಕು ಅನ್ನುತ್ತಾರೆ. ಮೈಮಾಂಸದ ಸೋಂಕಿಗೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಕೊಡುತ್ತಾರೆ. ಮೂಳೆಗೆ ತಗುಲಿ, ಮೂಳೆ ತೆಗೆಯದೆ ಇದ್ದರೆ ಸುಮಾರು ಆರು ವಾರ. ಕೊಟ್ಟಷ್ಟು ದಿನ ತಪ್ಪದೆ ಮುಗಿಸಿ. ಸೋಂಕಿನ ಲಕ್ಷಣವಿಲ್ಲದ ಗಾಯಕ್ಕೆ, ಅದು ಎಷ್ಟೇ ಹಳತಾದರೂ, ಮಾಯಿಸಲು ಅಂತ ಆಂಟಿಬಯಾಟಿಕ್ ಕೊಡಬಾರದು ಅಂತ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಿದರೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನೀವೇ ಸಾಕಿದ ಹಾಗೆ. ನಿಜವಾಗಿ ಬೇಕಾದ ದಿನ ಯಾವುದೂ ಕೆಲಸ ಮಾಡುವುದಿಲ್ಲ.

ಕಲ್ಚರ್ ಕಳಿಸುವುದಾದರೆ ಹತ್ತಿ ಕಡ್ಡಿಯಲ್ಲಿ ಮೇಲ್ಮೈ ಒರೆಸಿದ್ದಕ್ಕಿಂತ, ಗಾಯ ಕೆರೆದು ತೊಳೆದ ಮೇಲೆ ಆಳದಿಂದ ತೆಗೆದ ಚೂರು ಮಾಂಸ ಒಳ್ಳೆಯದು. "ಟಿಶ್ಯೂ ಕಲ್ಚರ್ ಕಳಿಸಬಹುದಾ ಡಾಕ್ಟ್ರೇ?" ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಶುಗರ್, ಊಟ, ನಂಜು

ಶುಗರ್ ಹಿಡಿತಕ್ಕೆ ಬರದಿದ್ದರೆ ಬಿಳಿಕಣಗಳ ಕೆಲಸ ಕುಂಟುತ್ತದೆ. ಗಾಯ ಮಾಯುವವರೆಗಾದರೂ ಇನ್ಸುಲಿನ್ ತಗೊಳ್ಳಿ ಅಂದರೆ ಹೆದರಬೇಡಿ. ಬೀಡಿ, ಸಿಗರೇಟು ಇವತ್ತೇ ಬಿಡಬೇಕು. ಅದು ಪಾದಕ್ಕೆ ಹೋಗುವ ರಕ್ತನಾಳವನ್ನೇ ಮುಚ್ಚುತ್ತದೆ.

ಇನ್ನೊಂದು, ನಂಜು. ಗಾಯ ಆದ ಕೂಡಲೇ ಮನೆಯಲ್ಲಿ ಮೊಟ್ಟೆ, ಮೀನು, ಬದನೆಕಾಯಿ, ಕಡಲೆಕಾಯಿ ಎಲ್ಲ ನಿಲ್ಲಿಸಿ ತಿಳಿಸಾರು ಅನ್ನಕ್ಕೆ ಇಳಿಸಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹೊಸ ಮಾಂಸ ಕಟ್ಟಲು ಪ್ರೋಟೀನು ಬೇಕು. ಮೊಟ್ಟೆ, ಮೀನು, ಬೇಳೆ, ಹುರುಳಿ, ಮೊಳಕೆಕಾಳು, ಮೊಸರು ಊಟದಲ್ಲಿರಲಿ. ಬರೀ ಅನ್ನ ತಿಂದರೆ ಶುಗರೂ ಏರುತ್ತದೆ, ಗಾಯವೂ ನಿಲ್ಲುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಿ.

ಖರ್ಚು, ಎಲ್ಲಿಗೆ ಹೋಗುವುದು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಬರೆಸಿಕೊಂಡು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆಗೆಂದೇ ಇರುವ ಸರ್ಕಾರಿ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿಯಲ್ಲಿ ಪಾದದ ಚಿಕಿತ್ಸಾ ವಿಭಾಗವಿದೆ. ಹೋಗುವಾಗ ಹಳೇ ಚೀಟಿ, ಕಲ್ಚರ್ ರಿಪೋರ್ಟು, ಮೊಬೈಲಿನಲ್ಲಿರುವ ವಾರವಾರದ ಫೋಟೋ ಎಲ್ಲ ಇರಲಿ.

ಮಾದ ಮೇಲೆ

ಗಾಯ ಮಾದವರಲ್ಲಿ ಸುಮಾರು ಶೇಕಡ 40 ಜನಕ್ಕೆ ಒಂದು ವರ್ಷದೊಳಗೆ ಮತ್ತೆ ಗಾಯವಾಗುತ್ತದೆ. ಮೇಲೆ ಚರ್ಮ ಬಂದಿದ್ದರೂ ನರ ಹಾಗೇ ಇದೆ, ಒತ್ತುವ ಜಾಗ ಹಾಗೇ ಇದೆ. ಅದಕ್ಕೇ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು, ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಹೆಬ್ಬೆರಳ ಸಂದಿಗೆ ಬಾರು ಬರುವ ಹವಾಯಿ ಚಪ್ಪಲಿ ಬೇಡ.

ದೀಪಾವಳಿ ಸಮಯದಲ್ಲಿ ಹಾಸನಾಂಬೆ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತುವುದು, ಬೇಸಿಗೆ ಮಧ್ಯಾಹ್ನ ಬೇಲೂರು ಗುಡಿಯ ಕಾದ ಚಪ್ಪಡಿಯ ಮೇಲೆ ನಡೆಯುವುದು, ಕಾಫಿ ಒಣಹಾಕಿದ ಕಣದಲ್ಲಿ ಬರಿಗಾಲಲ್ಲಿ ಓಡಾಡುವುದು, ಇವು ಮಾದ ಪಾದಕ್ಕೆ ಕೂಡದು. ಹೋಗಲೇಬೇಕಿದ್ದರೆ ದಪ್ಪ ಕಾಲುಚೀಲ ಹಾಕಿಕೊಂಡು, ಬೆಳಗಿನ ತಂಪಿನಲ್ಲಿ ಹೋಗಿ ಬೇಗ ಬನ್ನಿ. ತೋಟದಲ್ಲಿ ಇಂಬಳ ಕಚ್ಚಿದರೆ ಕೆರೆದುಕೊಳ್ಳದೆ ಸೋಪುನೀರಿನಲ್ಲಿ ತೊಳೆದು ಮುಚ್ಚಿ.

ಮಲಗುವ ಮುಂಚೆ ಮನೆಯ ಯಾರಾದರೂ ಟಾರ್ಚ್ ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಲಿ. ಒಬ್ಬರೇ ಇದ್ದರೆ ಮೊಬೈಲ್ ಕ್ಯಾಮೆರಾ ಸಾಕು. ಚಪ್ಪಲಿ, ಬೂಟು ಹಾಕುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ. ಆಣಿ ಮತ್ತೆ ಕಟ್ಟುತ್ತಿದ್ದರೆ, ಅದರೊಳಗೆ ಕಪ್ಪು ಅಥವಾ ನೇರಳೆ ಚುಕ್ಕೆ ಕಂಡರೆ ಕೆಳಗೆ ರಕ್ತ ಹೆಪ್ಪುಗಟ್ಟಿದೆ, ಗಾಯ ಶುರುವಾಗಿದೆ. ಅದೇ ವಾರ ತೋರಿಸಿ. ಏನೂ ಕಾಣದಿದ್ದರೂ ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದದ ತಪಾಸಣೆಗೆ ಬನ್ನಿ, ಬರುವಾಗ ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಅದರ ಅಟ್ಟೆ ಎಲ್ಲಿ ಸವೆದಿದೆ ಅಂತ ನೋಡಿದರೆ ಪಾದದಲ್ಲಿ ಭಾರ ಬೀಳುವ ಜಾಗ ನಮಗೆ ಗೊತ್ತಾಗುತ್ತದೆ.